ಹೆಸರು ಕೂಗಿದರೆ ಕಾಲು ಓಡಬೇಕು

(ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಕ್ಲಬ್ ತರಬೇತುದಾರರಿಗಾಗಿ ನಡೆದ ಬ್ಯಾಸ್ಕೆಟ್‌ಬಾಲ್ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿ ತೋರಿಸಿದ್ದನ್ನು ಇಲ್ಲಿ ಮಾತಿಗೆ ಇಳಿಸಿದ್ದೇನೆ. ಆಗ ಹೇಳಲು ಮರೆತ ಒಂದೆರಡು ಸಂಗತಿಗಳೂ ಸೇರಿಕೊಂಡಿವೆ.)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಬಿಸಿಲಿನಲ್ಲಿ ನಿಂತಿದ್ದೀರಿ. ಹಾಗಾಗಿ ಮೊದಲು ನಾನೇ ಪೆಚ್ಚಾದ ಒಂದು ಕಥೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಹದಿನಾರು ವರ್ಷದೊಳಗಿನ ಹುಡುಗಿಯರ ಪಂದ್ಯ. ನಾವು ಒಂದು ಅಂಕ ಹಿಂದಿದ್ದೆವು, ಗಡಿಯಾರದಲ್ಲಿ ಅರ್ಧ ನಿಮಿಷವೂ ಉಳಿದಿರಲಿಲ್ಲ. ನಮ್ಮ ಶಾಟ್ ತಪ್ಪಿತು. ಆದರೆ ತಂಡಕ್ಕೆ ಹೊಸದಾಗಿ ಸೇರಿದ್ದ ಎತ್ತರದ ಹುಡುಗಿ ಹಾರಿ ರಿಬೌಂಡ್ ಹಿಡಿದಳು. ನಾನು ಬೆಂಚಿನ ಮುಂದೆ ನಿಂತು ಗಂಟಲು ಹರಿಯುವಂತೆ "ಚಿನ್! ಚಿನ್!" ಎಂದು ಕೂಗಿದೆ. ಚಿನ್ ಎಂದರೆ ಆ ವಾರವಷ್ಟೇ ನಾನು ಕಲಿಸಿದ್ದ ಒಂದು ಆಟ: ಎಲ್ಬೋ (ಫ್ರೀ ಥ್ರೋ ಗೆರೆಯ ತುದಿ) ಬಳಿ ನಿಂತ ಪೋಸ್ಟ್ ಆಟಗಾರ್ತಿ, ಅಂದರೆ ರಿಂಗ್ ಬಳಿ ಆಡುವ ಎತ್ತರದವಳು, ಹಿಂಬದಿಯಿಂದ ಸ್ಕ್ರೀನ್ ಹಾಕುತ್ತಾಳೆ, ಎಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾಳೆ; ಗಾರ್ಡ್, ಅಂದರೆ ಹೊರಗಿನಿಂದ ಆಟ ನಡೆಸುವವಳು, ಅದನ್ನು ಸವರಿಕೊಂಡು ರಿಂಗ್ ಕಡೆಗೆ ಕಟ್ ಮಾಡುತ್ತಾಳೆ, ಎಂದರೆ ಚೆಂಡಿಲ್ಲದೆ ನುಗ್ಗುತ್ತಾಳೆ. ನಾಲ್ವರು ಹುಡುಗಿಯರು ಕೂಗು ಕೇಳಿದ್ದೇ ತಮ್ಮ ತಮ್ಮ ಜಾಗಕ್ಕೆ ಓಡಿದರು. ಚೆಂಡು ಹಿಡಿದವಳು ಮಾತ್ರ ಅದನ್ನು ಗಲ್ಲದ ಕೆಳಗೆ ಒತ್ತಿಕೊಂಡು, ಮೊಣಕೈಗಳನ್ನು ಅಗಲಿಸಿ, ನೆಟ್ಟ ಕಂಬದಂತೆ ನಿಂತುಬಿಟ್ಟಳು. ಅವಳಿಗೆ ಮೊದಲು ಆಟ ಕಲಿಸಿದವರು ರಿಬೌಂಡ್ ಆದ ಮೇಲೆ ಚೆಂಡನ್ನು ಹಾಗೆ ಕಾಪಾಡಿಕೊಳ್ಳುವುದಕ್ಕೆ ಚಿನ್ ಎನ್ನುತ್ತಿದ್ದರು. ಅದೂ ಸರಿಯಾದ ಪದವೇ. ಎದುರಾಳಿ ಮೈಗೆ ಅಂಟಿಕೊಂಡಂತೆ ಬಂದು ನಿಂತಳು, ಐದು ಸೆಕೆಂಡು ಕಳೆಯಿತು, ಚೆಂಡು ಹಿಡಿದು ನಿಂತೇ ಇದ್ದ ತಪ್ಪಿಗೆ ರೆಫರಿಯ ಸೀಟಿ ಕೇಳಿಸಿತು. ಪಂದ್ಯ ಹೋಯಿತು. ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಬಂದು, "ಸರ್, ನೀವು ಹೇಳಿದ್ದನ್ನೇ ಮಾಡಿದೆನಲ್ಲ" ಎಂದಳು.

ಮಾಡಿದ್ದಳು. ತಪ್ಪು ನನ್ನದಾಗಿತ್ತು.

ಅಂದಿನಿಂದ ಈ ಆಟದ ಪದಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸುತ್ತಾ ಬಂದಿದ್ದೇನೆ. ನಮ್ಮಲ್ಲಿ ಎಷ್ಟೋ ತರಬೇತುದಾರರು ಮೊಬೈಲ್‌ನಲ್ಲಿ ನೋಡಿದ ಆಟಗಳ ಹೆಸರುಗಳನ್ನು ಪುಸ್ತಕದ ತುಂಬ ಬರೆದುಕೊಂಡಿರುತ್ತಾರೆ. ಹೆಸರು ಗೊತ್ತಿರುವುದು ಒಂದು, ಆ ಹೆಸರು ಹದಿಮೂರು ವರ್ಷದ ಮಗುವಿನ ಕಾಲಿಗೆ ಇಳಿಯುವುದು ಇನ್ನೊಂದು. ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡರ ನಡುವಿನ ದೂರದ ಬಗ್ಗೆ.

ಬ್ಯಾಸ್ಕೆಟ್‌ಬಾಲ್‌ನ ಹೆಸರುಗಳಲ್ಲಿ ಮೂರು ಕುಲಗಳಿವೆ. ಕೆಲವು ಆಕಾರದಿಂದ ಬಂದವು: ಹಾರ್ನ್ಸ್, ಬಾಕ್ಸ್, ಸ್ಟ್ಯಾಕ್. ಕೆಲವು ಊರು, ಕಾಲೇಜು, ಆಟಗಾರರ ಹೆಸರಿನವು: ಪ್ರಿನ್ಸ್‌ಟನ್, ಯುಸಿಎಲ್‌ಎ ಕಟ್, ಐವರ್ಸನ್ ಕಟ್, ಸ್ಪೇನ್. ಮೂರನೆಯವು ಆಜ್ಞೆಗಳು: ಕರ್ಲ್, ಸ್ಲಿಪ್, ಪಾಪ್, ಸ್ವಿಚ್. ಆಕಾರದ ಹೆಸರು ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ. ಆಜ್ಞೆಯ ಹೆಸರು ಏನು ಮಾಡಬೇಕೆಂದು ಹೇಳುತ್ತದೆ. ಊರು ಮತ್ತು ಆಟಗಾರರ ಹೆಸರು ಗೊತ್ತಿದ್ದವರಿಗೆ ಮಾತ್ರ ಹೇಳುತ್ತದೆ, ಗೊತ್ತಿಲ್ಲದವರಿಗೆ ಅದು ಬರೀ ಸದ್ದು. ಹಾಗೆಂದು ಅವುಗಳನ್ನು ಬಿಸಾಡಬೇಕಿಲ್ಲ. ಒಂದೊಂದರ ಹಿಂದೆಯೂ ಯಾರೋ ಎದುರಿಸಿದ ಒಂದು ತೊಂದರೆ ಇದೆ. ಆ ತೊಂದರೆಯನ್ನು ಹೇಳಿದರೆ ಮಗುವಿಗೆ ಹೆಸರೂ ನೆನಪಿರುತ್ತದೆ, ಓಟವೂ ನೆನಪಿರುತ್ತದೆ.

ಮೊದಲು ನಿಲ್ಲುವ ಜಾಗಗಳು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ದಾಳಿ ನಡೆಯುವುದು ಅದರ ಅರ್ಧದಲ್ಲಿ. ಅಷ್ಟರಲ್ಲೇ ಹತ್ತು ಜನ. ಮೂರಂಕದ ಗೆರೆ ರಿಂಗ್‌ನಿಂದ 6.75 ಮೀಟರ್ ದೂರದಲ್ಲಿದೆ, ಕಾರ್ನರ್‌ನಲ್ಲಿ ಆ ಗೆರೆಗೂ ಸೈಡ್‌ಲೈನ್‌ಗೂ ನಡುವೆ ಉಳಿಯುವುದು 90 ಸೆಂಟಿಮೀಟರ್. ಕಾರ್ನರ್‌ಗೆ ಓಡಿದ ಮಗು ಪ್ರತಿ ಸಲವೂ ಹಿಮ್ಮಡಿಯನ್ನು ಹೊರಗೆರೆಯ ಮೇಲೆ ಇಡುವುದು ಇದಕ್ಕೇ. ಬೈಯುವ ಮೊದಲು ನಾವೇ ಒಮ್ಮೆ ಅಲ್ಲಿ ನಿಂತು ನೋಡಬೇಕು.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. 2010ರವರೆಗೆ ಫಿಬಾ ಪೇಂಟ್ (ರಿಂಗ್ ಕೆಳಗಿನಿಂದ ಫ್ರೀ ಥ್ರೋ ಗೆರೆಯವರೆಗಿನ ಚೌಕಟ್ಟು) ಟ್ರೆಪಿಜಿಯಮ್ ಆಕಾರದಲ್ಲಿತ್ತು, ಮೂರಂಕದ ಗೆರೆ 6.25 ಮೀಟರ್‌ನಲ್ಲಿತ್ತು. ನಮ್ಮ ಹಲವು ಶಾಲೆಗಳ ಸಿಮೆಂಟ್ ಅಂಗಳದಲ್ಲಿ ಇಂದಿಗೂ ಆ ಹಳೆಯ ಗೆರೆಗಳೇ ಮಾಸಿ ಉಳಿದಿವೆ. ಹಳೆಯ ಪೇಂಟ್ ಕೆಳಗೆ ಅಗಲ, ಮೇಲೆ ಕಿರಿದು. ಫ್ರೀ ಥ್ರೋ ಗೆರೆಯ ಬಳಿ ಅದರ ಅಗಲ 3.6 ಮೀಟರ್ ಮಾತ್ರ, ಈಗಿನ ಆಯತದ ಅಗಲ 4.9 ಮೀಟರ್. ಹಳೆಯ ಗೆರೆಯ ಮೂಲೆಗಳನ್ನೇ ಎಲ್ಬೋ ಎಂದುಕೊಂಡು ಇಬ್ಬರನ್ನು ನಿಲ್ಲಿಸಿದರೆ ಅವರ ನಡುವಿನ ಅಂತರ ಒಂದು ಮೀಟರಿಗೂ ಹೆಚ್ಚು ಕುಗ್ಗುತ್ತದೆ, ಇಬ್ಬರ ಡಿಫೆಂಡರ್‌ಗಳು ಕೈಚಾಚಿ ಒಬ್ಬರಿಗೊಬ್ಬರು ನೆರವಾಗಬಹುದು. ವಿಡಿಯೊದಲ್ಲಿ ಸಲೀಸಾಗಿ ನಡೆದ ಆಟ ನಮ್ಮ ಅಂಗಳದಲ್ಲಿ ಗಂಟಾಗುವುದಕ್ಕೆ ಇದೂ ಒಂದು ಕಾರಣ. ಟೇಪು ಹಿಡಿದು ಅಳೆದು ಸೀಮೆಸುಣ್ಣದಲ್ಲಿ ಹೊಸ ಎಲ್ಬೋ ಗುರುತು ಹಾಕಿಕೊಳ್ಳಿ.

ವಿನ್ಯಾಸಗಳನ್ನು ಸಂಖ್ಯೆಯಲ್ಲಿ ಹೇಳುವಾಗ ಮೂರಂಕದ ಗೆರೆಯ ಹೊರಗೆ ಎಷ್ಟು ಜನ, ಒಳಗೆ ಎಷ್ಟು ಜನ ಎಂದು ಲೆಕ್ಕ. ನಾಲ್ಕು ಹೊರಗೆ, ಒಂದು ಒಳಗೆ. ಮೂರು ಹೊರಗೆ, ಎರಡು ಒಳಗೆ. ಐದೂ ಹೊರಗೆ. ನಮ್ಮ ಶಾಲಾ ತಂಡಗಳು ಮೂರು-ಎರಡಕ್ಕೆ ಅಂಟಿಕೊಂಡಿರುವುದು ಎತ್ತರದ ಇಬ್ಬರು ಮಕ್ಕಳು ಸಿಕ್ಕಿದ ಖುಷಿಯಲ್ಲಿ. ಆ ಇಬ್ಬರೂ ರಿಂಗ್ ಕೆಳಗೆ ಬೇರು ಬಿಟ್ಟು ನಿಲ್ಲುತ್ತಾರೆ, ಅವರೊಂದಿಗೆ ಅವರ ಇಬ್ಬರು ಡಿಫೆಂಡರ್‌ಗಳೂ ಅಲ್ಲೇ ನಿಲ್ಲುತ್ತಾರೆ. ಆಮೇಲೆ ನಮ್ಮ ಗಾರ್ಡ್ ಎಷ್ಟೇ ಚುರುಕಾಗಿದ್ದರೂ ಒಳನುಗ್ಗಿ ಹೋಗಿ ಮುಟ್ಟುವುದು ನಾಲ್ಕು ಎದೆಗಳ ಗೋಡೆಯನ್ನು.

ಐದೂ ಹೊರಗೆ ಎಂಬ ವಿನ್ಯಾಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದರ ಒಂದು ದೊಡ್ಡ ಕಥೆಯ ಮೊದಲ ಪುಟ ನಮ್ಮ ಬೆಂಗಳೂರಿನಲ್ಲೇ ತೆರೆಯಿತು. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆಯಿತು. ಆ ಟೂರ್ನಿಯಲ್ಲಿ ಭಾರತ ಬಿ ವಿಭಾಗವನ್ನು ಗೆದ್ದಿತು, ನಮ್ಮ ಪತ್ರಿಕೆಗಳು ಸಹಜವಾಗಿ ಅದನ್ನೇ ಬರೆದವು. ಎ ವಿಭಾಗದ ಫೈನಲ್‌ನಲ್ಲಿ ಜಪಾನ್ ತನಗಿಂತ ಎತ್ತರದ ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿತು. ಜಪಾನಿನ ಮುಖ್ಯ ತರಬೇತುದಾರ ಟಾಮ್ ಹೋವಾಸ್ ಆ ಹುದ್ದೆಗೆ ಬಂದಿದ್ದು ಅದೇ ವರ್ಷ. ನಾಲ್ಕು ವರ್ಷಗಳ ನಂತರ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಬೆಳ್ಳಿ ಗೆದ್ದಿತು. ಆ ತಂಡದಲ್ಲಿ ಎತ್ತರವೇ ಇರಲಿಲ್ಲ. ಸೆಂಟರ್ ಆಟಗಾರ್ತಿಯೂ ಮೂರಂಕದ ಗೆರೆಯ ಹೊರಗೆ ಬಂದು ನಿಲ್ಲುತ್ತಿದ್ದಳು, ಎದುರಾಳಿಯ ಎತ್ತರದವಳೂ ಅವಳ ಹಿಂದೆ ಹೊರಗೆ ಬರಲೇಬೇಕಾಗುತ್ತಿತ್ತು. ಖಾಲಿಯಾದ ಪೇಂಟ್‌ಗೆ ರುಯಿ ಮಚಿದಾ ಎಂಬ 162 ಸೆಂಟಿಮೀಟರ್ ಎತ್ತರದ ಗಾರ್ಡ್ ನುಗ್ಗುತ್ತಿದ್ದಳು. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ಅವಳ ಅಸಿಸ್ಟ್‌ಗಳು (ಜೊತೆಗಾರ್ತಿಗೆ ಬುಟ್ಟಿ ದೊರಕಿಸಿದ ಪಾಸ್‌ಗಳು) 18, ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಗ ಅದು ಒಲಿಂಪಿಕ್ ದಾಖಲೆಯಾಯಿತು. ನಮ್ಮ ಹಳ್ಳಿ ಶಾಲೆಯ ಹುಡುಗಿಯರು ಗಿಡ್ಡ ಎಂದು ಕೈಚೆಲ್ಲುವ ಮೇಷ್ಟ್ರುಗಳಿಗೆ ನಾನು ಈ ಒಂದು ಪಂದ್ಯ ನೋಡಿ ಎಂದು ಹೇಳುತ್ತೇನೆ.

ಹಾರ್ನ್ಸ್ ವಿನ್ಯಾಸಕ್ಕೆ ಎ ಸೆಟ್ ಎಂದೂ ಹೆಸರಿದೆ. ಪಾಯಿಂಟ್ ಗಾರ್ಡ್ ಮೇಲೆ, ಇಬ್ಬರು ಎತ್ತರದವರು ಎಲ್ಬೋಗಳಲ್ಲಿ, ಇಬ್ಬರು ಶೂಟರ್‌ಗಳು ಕಾರ್ನರ್‌ಗಳಲ್ಲಿ. ರಿಂಗ್ ಕೆಳಗೆ ಯಾರೂ ಇರುವುದಿಲ್ಲ. ಗಾರ್ಡ್‌ಗೆ ಎಡಕ್ಕೂ ಒಂದು ಸ್ಕ್ರೀನ್ ಸಿದ್ಧ, ಬಲಕ್ಕೂ ಒಂದು ಸಿದ್ಧ. ಯಾವ ಕಡೆ ಹೋಗುತ್ತಾನೆಂದು ಡಿಫೆಂಡರ್ ಮೊದಲೇ ಊಹಿಸಲಾಗದು ಎಂಬುದೇ ಇದರ ಗಟ್ಟಿತನ. ಒಂದು-ನಾಲ್ಕು ಮೇಲ್ಸಾಲು ಎಂದರೆ ಗಾರ್ಡ್ ಒಬ್ಬ ಮೇಲೆ, ಉಳಿದ ನಾಲ್ವರೂ ಫ್ರೀ ಥ್ರೋ ಗೆರೆಯ ಸಾಲಿನಲ್ಲಿ, ಬೆನ್ನ ಹಿಂದೆ ಪೂರ್ತಿ ಬಯಲು. ಒತ್ತಿ ಆಡುವ ರಕ್ಷಣೆಯ ವಿರುದ್ಧ ಒಳ್ಳೆಯದು. ಅದೇ ನಾಲ್ವರನ್ನು ಬೇಸ್‌ಲೈನ್‌ಗೆ ಇಳಿಸಿದರೆ ಒಂದು-ನಾಲ್ಕು ಕೆಳಸಾಲು. ತಂಡದ ಒಬ್ಬ ಹುಡುಗ ಆಡುತ್ತಾನೆ, ನಾಲ್ವರು ನೋಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ಪಂದ್ಯ ಗೆಲ್ಲಿಸುತ್ತದೆ, ನಿಜ. ಆ ನಾಲ್ವರು ಮಕ್ಕಳು ಮುಂದಿನ ವರ್ಷ ಆಟ ಬಿಟ್ಟಿರುತ್ತಾರೆ, ಅದೂ ನಿಜ. ಟ್ರಯಾಂಗಲ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ: ಟೆಕ್ಸ್ ವಿಂಟರ್ ಬೆಳೆಸಿದ, ಫಿಲ್ ಜಾಕ್ಸನ್ ಶಿಕಾಗೊದಲ್ಲಿ ಆರು, ಲಾಸ್ ಏಂಜಲೀಸ್‌ನಲ್ಲಿ ಐದು ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಪ್ರಶಸ್ತಿ ಗೆದ್ದ ಪದ್ಧತಿ ಅದು. ನಾನು ಶಾಲಾ ತಂಡಕ್ಕೆ ಕಲಿಸುವುದಿಲ್ಲ. ವಾರಕ್ಕೆ ಮೂರು ಗಂಟೆ ಸಿಗುವ ನಮಗೆ ಅದು ಎಟುಕದ ಹಣ್ಣು.

ವಿನ್ಯಾಸ ಒಂದು ವಿಳಾಸ ಮಾತ್ರ. ಆಟ ಶುರುವಾಗುವುದು ಯಾರಾದರೂ ಆ ವಿಳಾಸ ಬಿಟ್ಟು ಹೊರಟಾಗ. ಆ ಹೊರಡುವಿಕೆಗೇ ಕಟ್ ಎನ್ನುತ್ತೇವೆ. ನನ್ನ ಮಟ್ಟಿಗೆ ಇಡೀ ಆಟದ ಜೀವ ಇರುವುದು ಇಲ್ಲಿ.

ಕಟ್ ಕಲಿಸುವಾಗ ನಾವೆಲ್ಲ ಮಾಡುವ ತಪ್ಪು ಒಂದೇ. ಬೋರ್ಡಿನ ಮೇಲೆ ಬಾಣ ಬರೆದು "ಇಲ್ಲಿಂದ ಇಲ್ಲಿಗೆ ಓಡು" ಎನ್ನುತ್ತೇವೆ. ಮಗು ಓಡುತ್ತದೆ. ಡಿಫೆಂಡರ್ ಎಲ್ಲಿದ್ದಾನೆಂದು ನೋಡುವುದೇ ಇಲ್ಲ. ಕಬಡ್ಡಿಯಲ್ಲಿ ರೈಡರ್ ಹೀಗೆ ಬಾಣ ನೋಡಿಕೊಂಡು ಹೋದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅವನು ಎದುರಿನವನ ಪಾದ ನೋಡುತ್ತಾನೆ, ಭಾರ ಯಾವ ಕಾಲಿನ ಮೇಲಿದೆ ಎಂದು ನೋಡುತ್ತಾನೆ. ಕಟ್ ಮಾಡುವವನೂ ಅದನ್ನೇ ಮಾಡಬೇಕು. ವಿ-ಕಟ್ ಎಂದರೆ ಡಿಫೆಂಡರ್‌ನನ್ನು ರಿಂಗ್ ಕಡೆಗೆ ಎರಡು ಹೆಜ್ಜೆ ನಡೆಸಿಕೊಂಡು ಹೋಗಿ, ಅವನ ಭಾರ ಹಿಮ್ಮಡಿಗೆ ಇಳಿದ ಕ್ಷಣದಲ್ಲಿ ಹೊರಗೆ ಚಿಮ್ಮುವುದು. ಮೊದಲ ಎರಡು ಹೆಜ್ಜೆ ನಿಧಾನ, ಮೂರನೆಯದು ಜೋರು. ನಮ್ಮ ಮಕ್ಕಳು ಮೂರನ್ನೂ ಒಂದೇ ವೇಗದಲ್ಲಿ ಹಾಕುತ್ತಾರೆ, ಆಗ ಅದು ವಿ ಆಗುವುದಿಲ್ಲ, ಗಸ್ತು ತಿರುಗುವುದಾಗುತ್ತದೆ.

ಡಿಫೆಂಡರ್ ಪಾಸ್‌ನ ದಾರಿಗೆ ಕೈ ಚಾಚಿ ಅಡ್ಡ ನಿಂತಿದ್ದಾನೆ ಎನ್ನಿ. ಅವನು ಮುಂಬಾಗಿಲು ಕಾಯುತ್ತಿದ್ದಾನೆ, ಹಿತ್ತಲ ಬಾಗಿಲು ತೆರೆದಿದೆ. ಅಲ್ಲಿಂದ ನುಗ್ಗುವುದೇ ಬ್ಯಾಕ್‌ಡೋರ್. ಇದರ ಗುರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತರಬೇತುದಾರ ಪೀಟ್ ಕ್ಯಾರಿಲ್. ಓದಿನಲ್ಲಿ ಮುಂದಿರುವ, ಆಟಕ್ಕೆಂದು ವಿದ್ಯಾರ್ಥಿವೇತನ ಕೊಡದ ಕಾಲೇಜು ಅದು. ತನಗಿಂತ ಎತ್ತರದ, ವೇಗದ ಹುಡುಗರ ಎದುರು ಆಡಬೇಕಾಗಿದ್ದ ಕ್ಯಾರಿಲ್, ಅವರ ವೇಗವನ್ನೇ ಅವರ ವಿರುದ್ಧ ತಿರುಗಿಸುವ ಪದ್ಧತಿ ಕಟ್ಟಿದರು. ಸೆಂಟರ್ ಆಟಗಾರ ಮೇಲೆ ಬಂದು ಚೆಂಡು ಹಿಡಿಯುತ್ತಾನೆ, ರಿಂಗ್ ಕೆಳಗೆ ಬಯಲಾಗುತ್ತದೆ, ನಾಲ್ವರೂ ತಂತಮ್ಮ ಡಿಫೆಂಡರ್ ಒಂದು ಹೆಜ್ಜೆ ಹೆಚ್ಚು ಮುಂದೆ ಬರಲಿ ಎಂದು ಕಾಯುತ್ತಾರೆ. 1996ರ ಮಾರ್ಚ್‌ನಲ್ಲಿ, ಅಮೆರಿಕದ ಕಾಲೇಜುಗಳ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲಿ, ಪ್ರಿನ್ಸ್‌ಟನ್ ಎದುರು ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ). ಸ್ಕೋರ್ 41-41, ಕೊನೆಯ ಕೆಲವು ಸೆಕೆಂಡುಗಳು. ಸ್ಟೀವ್ ಗುಡ್ರಿಚ್ ಚೆಂಡು ಹಿಡಿದು ಮೇಲೆ ನಿಂತಿದ್ದ. ಮೊದಲ ವರ್ಷದ ವಿದ್ಯಾರ್ಥಿ ಗೇಬ್ ಲೆವುಲಿಸ್ ತನ್ನ ಡಿಫೆಂಡರ್ ಬೆನ್ನ ಹಿಂದೆ ನುಸುಳಿದ, ಬೌನ್ಸ್ ಪಾಸ್ ಬಂತು, ರಿಂಗ್ ಪಕ್ಕದಿಂದಲೇ ಲೇಅಪ್. 43-41. ನಿವೃತ್ತಿ ಘೋಷಿಸಿ ಇನ್ನೂ ಕೆಲವೇ ದಿನಗಳಾಗಿದ್ದ ಕ್ಯಾರಿಲ್‌ಗೆ ಅದು ಬೀಳ್ಕೊಡುಗೆ. ಅವರು ಬ್ಯಾಕ್‌ಡೋರ್ ಆಡುತ್ತಾರೆಂದು ಎದುರಾಳಿಗೆ ಗೊತ್ತಿರಲಿಲ್ಲವೇ? ಇಡೀ ದೇಶಕ್ಕೆ ಗೊತ್ತಿತ್ತು. ಗೊತ್ತಿದ್ದರೂ ಕೊನೆಯ ಸೆಕೆಂಡುಗಳಲ್ಲಿ ಒತ್ತಿ ಆಡದೆ ಇರುವುದು ಯಾವ ಡಿಫೆಂಡರ್‌ಗೂ ಸುಲಭವಲ್ಲ.

ಇನ್ನು ಸ್ಕ್ರೀನ್ ಬಳಸಿ ಮಾಡುವ ಕಟ್‌ಗಳು. ಗಾರ್ಡ್ ವಿಂಗ್‌ಗೆ (ಅಂಗಳದ ಪಕ್ಕದ ಭಾಗಕ್ಕೆ) ಪಾಸ್ ಕೊಟ್ಟು, ಎಲ್ಬೋದಲ್ಲಿ ನಿಂತವನ ಸ್ಕ್ರೀನ್ ಸವರಿಕೊಂಡು ನೇರ ಬ್ಲಾಕ್‌ಗೆ (ರಿಂಗ್ ಪಕ್ಕ ಪೇಂಟ್ ಅಂಚಿನ ಗುರುತಿಗೆ) ಇಳಿದರೆ ಅದು ಯುಸಿಎಲ್‌ಎ ಕಟ್. 1964ರಿಂದ 1975ರೊಳಗೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಜಾನ್ ವುಡನ್ ಅವರ ಕಾಲೇಜಿನ ಹೆಸರು ಅದಕ್ಕೆ ಅಂಟಿಕೊಂಡಿತು. ಒಂದು ವಿಂಗ್‌ನಿಂದ ಹೊರಟು ಎರಡೂ ಎಲ್ಬೋಗಳ ಸ್ಕ್ರೀನ್ ದಾಟಿ ಇನ್ನೊಂದು ವಿಂಗ್‌ನಲ್ಲಿ ಚೆಂಡು ಹಿಡಿದರೆ ಐವರ್ಸನ್ ಕಟ್. ಫಿಲಡೆಲ್ಫಿಯಾದಲ್ಲಿ ಅಲೆನ್ ಐವರ್ಸನ್ ನಿಂತಲ್ಲೇ ಚೆಂಡು ಪಡೆದರೆ ಇಬ್ಬರು ಮುತ್ತಿಕೊಳ್ಳುತ್ತಿದ್ದರು, ಓಡುತ್ತಾ ಪಡೆದರೆ ಅವನನ್ನು ಹಿಡಿಯುವವರೇ ಇರಲಿಲ್ಲ. ಬ್ಲಾಕ್‌ನಿಂದ ಪೇಂಟ್‌ನ ಅಂಚಿನಗುಂಟ ಸೀದಾ ಮೇಲಕ್ಕೆ ಓಡಿ ಬಂದರೆ ಜಿಪ್ಪರ್ ಕಟ್. ಜರ್ಕಿನ್‌ನ ಜಿಪ್ ಎಳೆದು ತೋರಿಸಿ, ಯಾವ ಮಗುವೂ ಮರೆಯುವುದಿಲ್ಲ. ಫ್ಲೆಕ್ಸ್ ಕಟ್ ಕಾರ್ನರ್‌ನಿಂದ ಬೇಸ್‌ಲೈನ್‌ಗುಂಟ ಬ್ಲಾಕ್‌ನ ಸ್ಕ್ರೀನ್ ದಾಟಿ ಬರುವುದು. ಕಟ್ ಆದ ತಕ್ಷಣ ಸ್ಕ್ರೀನ್ ಹಾಕಿದವನಿಗೇ ಇನ್ನೊಬ್ಬ ಸ್ಕ್ರೀನ್ ಹಾಕುತ್ತಾನೆ. 2002ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಇದನ್ನೇ ಆಡಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಹೆಸರು ಯಾವುದಾದರೂ ಇರಲಿ, ಸ್ಕ್ರೀನ್ ಬಳಿ ಬಂದವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನ ಡಿಫೆಂಡರ್ ಎಲ್ಲಿ? ಬಾಲದಂತೆ ಹಿಂದೆಯೇ ಬರುತ್ತಿದ್ದರೆ ಸ್ಕ್ರೀನ್ ಸುತ್ತಿ ಒಳಗೆ ತಿರುಗು, ಅದು ಕರ್ಲ್. ಅವನು ಸ್ಕ್ರೀನ್‌ನ ಆಚೆ ಬದಿಯಿಂದ ಅಡ್ಡದಾರಿ ಹಿಡಿದಿದ್ದರೆ ಹಿಂದಕ್ಕೆ ಸರಿದು ಕಾರ್ನರ್ ಕಡೆ ಹೋಗು, ಅದು ಫೇಡ್. ಸ್ಕ್ರೀನ್ ಮುಟ್ಟುವ ಮೊದಲೇ ಮೇಲಿನ ದಾರಿ ಕಟ್ಟಿ ನಿಂತಿದ್ದರೆ ಬ್ಯಾಕ್‌ಡೋರ್. ಈ ಮೂರನ್ನು ನಾನು ಯಾವತ್ತೂ ಬೇರೆ ಬೇರೆ ದಿನ ಕಲಿಸುವುದಿಲ್ಲ. ಬೇರೆ ದಿನ ಕಲಿಸಿದರೆ ಮಗು ಸೋಮವಾರ ಕರ್ಲ್ ಮಾಡುತ್ತದೆ, ಮಂಗಳವಾರ ಫೇಡ್ ಮಾಡುತ್ತದೆ. ಡಿಫೆಂಡರ್‌ಗೆ ವಾರದ ಲೆಕ್ಕ ಗೊತ್ತಿಲ್ಲವಲ್ಲ.

ಈಗ ಬಾಲ್ ಸ್ಕ್ರೀನ್‌ಗೆ, ಅಂದರೆ ಚೆಂಡು ಹಿಡಿದವನಿಗಾಗಿ ಹಾಕುವ ಸ್ಕ್ರೀನ್‌ಗೆ ಬರೋಣ. ನಿಮ್ಮಲ್ಲಿ ಹೆಚ್ಚಿನವರು ಇದಕ್ಕಾಗಿಯೇ ಬಂದಿದ್ದೀರಿ ಎಂದು ಬೆಳಗಿನ ಚಹಾ ಹೊತ್ತಿನಲ್ಲೇ ಗೊತ್ತಾಯಿತು.

ಮೊದಲು ನಿಯಮ. ಸ್ಕ್ರೀನ್ ಹಾಕುವವನು ತಾಗುವ ಹೊತ್ತಿಗೆ ನಿಶ್ಚಲನಾಗಿರಬೇಕು, ಎರಡೂ ಪಾದ ನೆಲದ ಮೇಲಿರಬೇಕು, ಕೈಕಾಲು ತನ್ನ ಮೈಯ ಅಳತೆ ಮೀರಿ ಚಾಚಿರಬಾರದು. ನಿಂತಿರುವ ಎದುರಾಳಿಗೆ ಕಾಣುವಂತೆ ಮುಂದೆಯೋ ಪಕ್ಕದಲ್ಲೋ ಹಾಕುವುದಾದರೆ ತಾಗದಂತೆ ಎಷ್ಟು ಹತ್ತಿರವಾದರೂ ನಿಲ್ಲಬಹುದು. ಕಾಣದಂತೆ ಹಿಂದೆ ಹಾಕುವುದಾದರೆ ಅವನಿಗೆ ಒಂದು ಸಾಮಾನ್ಯ ಹೆಜ್ಜೆಯ ಜಾಗ ಬಿಡಬೇಕು. ಅವನು ಓಡುತ್ತಿದ್ದರೆ ನಿಲ್ಲಲು ಅಥವಾ ದಿಕ್ಕು ಬದಲಿಸಲು ಒಂದೆರಡು ಹೆಜ್ಜೆ ಬಿಡಬೇಕು.

ಶಾಲಾ ಪಂದ್ಯಗಳಲ್ಲಿ ಅಲುಗಾಡುವ ಸ್ಕ್ರೀನ್‌ಗೆ ಎಷ್ಟು ಫೌಲ್ ಊದುತ್ತಾರೆ ನೋಡಿದ್ದೀರಿ. ಫೌಲ್ ಬರೆಯುವುದು ಸ್ಕ್ರೀನ್ ಹಾಕಿದ ಎತ್ತರದ ಹುಡುಗನ ಹೆಸರಿಗೆ, ಬೈಗುಳವೂ ಅವನಿಗೇ. ನಾನು ಹೇಳುವುದೇನೆಂದರೆ ಅದರಲ್ಲಿ ಬಹುಪಾಲು ಗಾರ್ಡ್ ಮಾಡಿದ ತಪ್ಪು. ಸ್ಕ್ರೀನ್ ಬಂದು ನೆಲೆ ನಿಲ್ಲುವ ಮೊದಲೇ ಅವನು ಹೊರಟುಬಿಡುತ್ತಾನೆ, ಪಾಪ ಎತ್ತರದವನು ಡಿಫೆಂಡರ್‌ಗೆ ಅಡ್ಡ ಸಿಗಲು ಪಕ್ಕಕ್ಕೆ ಒಂದು ಹೆಜ್ಜೆ ಇಡುತ್ತಾನೆ. ಸೀಟಿ. ನನ್ನ ತಂಡದಲ್ಲಿ ಅಭ್ಯಾಸದ ವೇಳೆ ಇಂತಹ ಫೌಲ್ ಆದರೆ ಅಂಗಳ ಸುತ್ತುವ ಶಿಕ್ಷೆ ಗಾರ್ಡ್‌ಗೆ. ಎರಡು ವಾರದಲ್ಲಿ ಕಾಯುವುದನ್ನು ಕಲಿಯುತ್ತಾರೆ. ಹೊರಟಾಗಲೂ ಗಾರ್ಡ್‌ನ ಭುಜ ಸ್ಕ್ರೀನ್ ಹಾಕಿದವನ ಸೊಂಟವನ್ನು ಸವರಿಕೊಂಡೇ ಹೋಗಬೇಕು. ನಡುವೆ ಒಬ್ಬ ನುಸುಳುವಷ್ಟು ಸಂದಿ ಬಿಟ್ಟರೆ ಸ್ಕ್ರೀನ್ ಹಾಕಿಯೂ ಹಾಕದಂತೆಯೇ.

ಎಲ್ಲಿ, ಯಾವ ಕೋನದಲ್ಲಿ ಎಂಬುದರ ಮೇಲೆ ಸ್ಕ್ರೀನ್‌ಗೆ ಹೆಸರು ಬರುತ್ತದೆ. ವಿಂಗ್‌ನಲ್ಲಿ, ಗಾರ್ಡ್ ನಡುವಿಗೆ ಬರುವಂತೆ ಹಾಕಿದರೆ ಸೈಡ್. ಮೇಲೆ ನಡುವಿನಲ್ಲಿ, ಬೆನ್ನು ನೇರ ರಿಂಗ್ ಕಡೆಗಿಟ್ಟು ಹಾಕಿದರೆ ಫ್ಲಾಟ್. ಕೆಳಗಿನಿಂದ ಮೇಲಕ್ಕೆ ಓಡಿ ಬಂದು, ಗಾರ್ಡ್ ಸೈಡ್‌ಲೈನ್ ಬದಿಯಿಂದ ಕೆಳಗೆ ಇಳಿಯುವಂತೆ ಹಾಕಿದರೆ ಸ್ಟೆಪ್ ಅಪ್. ವೇಗದ ದಾಳಿಯಲ್ಲಿ ಹಿಂದಿನಿಂದ ಓಡಿ ಬರುತ್ತಿರುವ ಎತ್ತರದವನು, ರಕ್ಷಣೆ ಇನ್ನೂ ಜೋಡಿಸಿಕೊಳ್ಳುತ್ತಿರುವಾಗಲೇ ಹಾಕಿದರೆ ಡ್ರ್ಯಾಗ್. ಆ ಕಡೆಯ ಕಾರ್ನರ್ ಖಾಲಿ ಬಿಟ್ಟು ಇಬ್ಬರೇ ಆಡಿದರೆ ಎಂಪ್ಟಿ.

ಸ್ಕ್ರೀನ್ ಆದ ಮೇಲೆ ಹಾಕಿದವನು ಏನು ಮಾಡುತ್ತಾನೆ? ಒಳಗಾಲಿನ ಮೇಲೆ ತಿರುಗಿ, ಡಿಫೆಂಡರ್‌ನನ್ನು ಬೆನ್ನಿಗೆ ಹಾಕಿಕೊಂಡು, ಚೆಂಡಿನ ಮೇಲೆ ಕಣ್ಣಿಟ್ಟು ರಿಂಗ್‌ಗೆ ಹೋದರೆ ರೋಲ್. ಹೊರಗೆ ಹಿಂದೆ ಸರಿದು ಶಾಟ್‌ಗೆ ನಿಂತರೆ ಪಾಪ್. ಡರ್ಕ್ ನೊವಿಟ್‌ಸ್ಕಿಯ ಏಳು ಅಡಿ ದೇಹ ಹೊರಗೆ ಸರಿದು ನಿಂತಾಗ ಡಿಫೆಂಡರ್‌ಗಳು ಅನುಭವಿಸಿದ ಸಂಕಟ ಇದೇ. ಸ್ಕ್ರೀನ್ ಹಾಕುವಂತೆ ಬಂದು, ತಾಗುವ ಮೊದಲೇ ರಿಂಗ್ ಕಡೆ ಜಾರಿಕೊಂಡರೆ ಸ್ಲಿಪ್. ಅದೇ ಸೋಗು ಹಾಕಿ ಹೊರಗೆ ಓಡಿಹೋದರೆ ಘೋಸ್ಟ್, ಬಂದಂತೆಯೂ ಇದೆ, ಬರದಂತೆಯೂ ಇದೆ. ಅರ್ಧ ದಾರಿಯಲ್ಲಿ, ಫ್ರೀ ಥ್ರೋ ಗೆರೆಯ ಬಳಿ ನಿಂತು ಚೆಂಡು ಕೇಳಿದರೆ ಶಾರ್ಟ್ ರೋಲ್.

ಎನ್‌ಬಿಎಯ ಯೂಟಾ ಜಾಜ್ ತಂಡದ ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ 18 ಋತು ಒಟ್ಟಿಗೆ ಆಡಿದರು, 1985ರಿಂದ 2003ರವರೆಗೆ. ಇಡೀ ವೃತ್ತಿಜೀವನದಲ್ಲಿ ಸ್ಟಾಕ್ಟನ್ ಲೆಕ್ಕದಲ್ಲಿ 15,806 ಅಸಿಸ್ಟ್, ಮಲೋನ್ ಲೆಕ್ಕದಲ್ಲಿ 36,928 ಅಂಕ. ಬಾಲ್ ಸ್ಕ್ರೀನ್ ಬರುತ್ತದೆಂದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತವರಿಗೂ ಗೊತ್ತಿತ್ತು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಡಿಫೆಂಡರ್‌ಗಳು ಏನು ಆರಿಸಿಕೊಂಡರೋ ಅದಕ್ಕೆ ತಕ್ಕ ಉತ್ತರವನ್ನು ಇಬ್ಬರೂ ಒಂದೇ ಕ್ಷಣದಲ್ಲಿ ಆರಿಸಿಕೊಳ್ಳುತ್ತಿದ್ದರು, ಅಷ್ಟೇ.

ಆ ಆಯ್ಕೆಗಳಿಗೂ ಹೆಸರಿದೆ, ಮತ್ತು ದಾಳಿ ಕಲಿಸುವವರು ರಕ್ಷಣೆಯ ಪದ ಕಲಿಯದೆ ಮುಂದೆ ಹೋಗಲಾಗದು. ಗಾರ್ಡ್‌ನ ಡಿಫೆಂಡರ್ ಸ್ಕ್ರೀನ್‌ನ ರಿಂಗ್ ಬದಿಯಿಂದ ಹಾದು ಬಂದರೆ ಅಂಡರ್. ಉತ್ತರ: ಅಲ್ಲೇ ಶಾಟ್, ಶಾಟ್ ಇಲ್ಲದವನಿಗೆ ಇನ್ನೂ ಒಂದು ಹೆಜ್ಜೆ ಕೆಳಗೆ ಮರು ಸ್ಕ್ರೀನ್. ಎತ್ತರದ ಡಿಫೆಂಡರ್ ಪೇಂಟ್‌ನಲ್ಲೇ ಉಳಿದರೆ ಡ್ರಾಪ್. ಆಗ ಗಾರ್ಡ್ ತನ್ನ ಡಿಫೆಂಡರ್‌ನನ್ನು ಬೆನ್ನಿಗೆ ಹಾಕಿಕೊಂಡು ನಿಧಾನಿಸಬೇಕು. ಆತುರಪಟ್ಟು ನೇರ ಎತ್ತರದವನ ಎದೆಗೆ ಓಡಬಾರದು. ಎತ್ತರದವನು ಜಿಗಿದು ಹೊರಬಂದು ಗಾರ್ಡ್‌ನ ದಾರಿ ತಡೆದು ಮತ್ತೆ ಹಿಂದಕ್ಕೆ ಓಡಿದರೆ ಹೆಡ್ಜ್. ಅವನು ಹೊರಬರುವ ಆತುರದಲ್ಲಿದ್ದಾಗಲೇ ಸ್ಲಿಪ್ ಮಾಡಬೇಕು. ಇಬ್ಬರೂ ಚೆಂಡನ್ನು ಮುತ್ತಿದರೆ ಬ್ಲಿಟ್ಜ್, ಉತ್ತರ ಶಾರ್ಟ್ ರೋಲ್: ಚೆಂಡು ಅಲ್ಲಿಗೆ ಬಂದರೆ ಮುಂದೆ ಮೂವರ ವಿರುದ್ಧ ನಾಲ್ವರು. ವಿಂಗ್‌ನಲ್ಲಿ ಗಾರ್ಡ್‌ನನ್ನು ಸ್ಕ್ರೀನ್ ಕಡೆಗೆ ಹೋಗಲು ಬಿಡದೆ ಸೈಡ್‌ಲೈನ್‌ಗೆ ಅಟ್ಟಿದರೆ ಐಸ್. ಅದಕ್ಕೆ ಔಷಧ ಸ್ಟೆಪ್ ಅಪ್.

ಇಲ್ಲಿ ನನ್ನದೊಂದು ಅಭಿಪ್ರಾಯ. ದೊಡ್ಡವರ ಆಟದಲ್ಲಿ ಡ್ರಾಪ್ ಮತ್ತು ಸ್ವಿಚ್ (ಇಬ್ಬರು ಡಿಫೆಂಡರ್‌ಗಳು ತಾವು ಕಾಯುವ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು) ಹೆಚ್ಚು ಕಾಣುತ್ತವೆ, ಹಾಗಾಗಿ ವಿಡಿಯೊ ನೋಡಿದ ನಾವು ಮಕ್ಕಳಿಗೂ ಅವುಗಳ ಉತ್ತರವನ್ನೇ ಮೊದಲು ಕಲಿಸುತ್ತೇವೆ. ಹದಿನಾಲ್ಕರೊಳಗಿನ ಪಂದ್ಯ ನೋಡಿ. ಅಲ್ಲಿ ಯಾರೂ ಡ್ರಾಪ್ ಮಾಡುವುದಿಲ್ಲ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಇಬ್ಬರೂ ಚೆಂಡಿನ ಹಿಂದೆ ಓಡುತ್ತಾರೆ. ಯಾರೂ ಕಲಿಸದೆಯೇ ಆದ ಬ್ಲಿಟ್ಜ್ ಅದು. ಹಾಗಾಗಿ ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಸ್ಲಿಪ್ ಮತ್ತು ಶಾರ್ಟ್ ರೋಲ್. ಪೂರ್ತಿ ರೋಲ್ ಆಮೇಲೆ ಬರಲಿ.

ಸ್ಪೇನ್ ಪಿಕ್ ಅಂಡ್ ರೋಲ್ (ಪಿಕ್ ಎಂದರೂ ಸ್ಕ್ರೀನೇ) ಬಗ್ಗೆ ಚೀಟಿ ಬಂದಿದೆ, ಬೇಗ ಹೇಳುತ್ತೇನೆ. ಸ್ಪೇನ್ ರಾಷ್ಟ್ರೀಯ ತಂಡದಿಂದ ಹೆಸರು ಪಡೆದ ಆಟ. ಮೇಲೆ ಬಾಲ್ ಸ್ಕ್ರೀನ್ ನಡೆಯುತ್ತಿದ್ದಂತೆಯೇ ಮೂರನೆಯವನೊಬ್ಬ, ಸಾಮಾನ್ಯವಾಗಿ ಶೂಟರ್, ರೋಲ್ ಮಾಡುವವನ ಡಿಫೆಂಡರ್‌ಗೆ ಹಿಂದಿನಿಂದ ಸ್ಕ್ರೀನ್ ಹಾಕಿ ತಾನು ಮೂರಂಕದ ಗೆರೆಯ ಹೊರಗೆ ಓಡುತ್ತಾನೆ. ಡ್ರಾಪ್‌ನಲ್ಲಿರುವ ಎತ್ತರದವನ ಕಣ್ಣು ಚೆಂಡಿನ ಮೇಲಿರುತ್ತದೆ, ಬೆನ್ನ ಹಿಂದೆ ಬಂದವನು ಕಾಣುವುದಿಲ್ಲ. ಅದಕ್ಕೇ ಆ ಒಂದು ಹೆಜ್ಜೆ ಜಾಗದ ನಿಯಮ ನೆನಪಿರಲಿ, ಇಲ್ಲದಿದ್ದರೆ ಸೀಟಿ ಗ್ಯಾರಂಟಿ.

ಕೊನೆಗೆ ಭಾಷೆಯ ಮಾತು. ಚಿನ್ ಪ್ರಸಂಗ ಆದ ಮೇಲೆ ಒಂದು ಇಡೀ ಋತು ನಾನು ಅಂಗಳದ ಎಲ್ಲ ಕೂಗುಗಳನ್ನೂ ಕನ್ನಡಕ್ಕೆ ತರಲು ಹೊರಟೆ. ಉತ್ಸಾಹ ಇತ್ತು, ಆದರೆ ಪೂರ್ತಿ ಗೆಲ್ಲಲಿಲ್ಲ. ಅಂಡರ್‌ಗೆ "ಕೆಳಗೆ" ಎಂದೆ. ಒಬ್ಬ ಹುಡುಗ ಮಂಡಿ ಬಗ್ಗಿಸಿ ತಗ್ಗಿ ನಿಂತ, ಏಕೆಂದರೆ ಡಿಫೆನ್ಸ್ ಅಭ್ಯಾಸದಲ್ಲಿ ನಾನೇ ದಿನಾ "ಕೆಳಗೆ ಕೂರು" ಎನ್ನುತ್ತಿದ್ದೆ. ಅದನ್ನು "ಒಳಗೆ" ಎಂದು ಬದಲಿಸಿದ ಮೇಲೆ ಸರಿಹೋಯಿತು. ಸ್ವಿಚ್‌ಗೆ "ಬದಲು" ಎಂದೆ. ಬೆಂಚಿನಿಂದ ಯಾರೋ "ಬದಲಿ" ಎಂದು ಕೂಗಿದ್ದು ಕೇಳಿ ಅಂಗಳದ ಇಬ್ಬರು ತಮ್ಮ ಆಟಗಾರರನ್ನು ಅದಲುಬದಲು ಮಾಡಿಕೊಂಡರು, ಎದುರಾಳಿಗೆ ಲೇಅಪ್ ಸಿಕ್ಕಿತು. ಸ್ವಿಚ್ ಅಂದಿನಿಂದ ಸ್ವಿಚ್ ಆಗಿಯೇ ಇದೆ. ಮನೆಯ ದೀಪದ ಸ್ವಿಚ್ ಗೊತ್ತಿರುವ ಮಗುವಿಗೆ ಅದು ಕನ್ನಡವೇ.

ಉಳಿದುಕೊಂಡ ಪದಗಳು ಚೆನ್ನಾಗಿವೆ. ಸ್ಕ್ರೀನ್ ಬರುತ್ತಿದೆ ಎಂದು ಡಿಫೆಂಡರ್ ತನ್ನ ಜೊತೆಗಾರನಿಗೆ ಕೂಗುವುದು "ಎಡ" ಅಥವಾ "ಬಲ". ಯಾರ ಎಡ? ಇದನ್ನು ಮೊದಲ ದಿನವೇ ಗೊತ್ತುಪಡಿಸಬೇಕು: ಚೆಂಡು ಕಾಯುತ್ತಿರುವವನ ಎಡ. ಸ್ಲಿಪ್‌ಗೆ "ಜಾರು". ಕರ್ಲ್‌ಗೆ "ಸುತ್ತು". ಬ್ಯಾಕ್‌ಡೋರ್‌ಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ, ಮಕ್ಕಳೇ "ಹಿತ್ತಲು" ಎನ್ನತೊಡಗಿದರು. ವಿನ್ಯಾಸದ ಹೆಸರುಗಳನ್ನು ನಾನು ಮುಟ್ಟಲಿಲ್ಲ. ಹಾರ್ನ್ಸ್ ಹಾರ್ನ್ಸೇ, ಏಕೆಂದರೆ ನಾಳೆ ಆ ಮಗು ರಾಜ್ಯ ಶಿಬಿರಕ್ಕೆ ಹೋದಾಗ ಅಲ್ಲಿಯೂ ಅದೇ ಹೆಸರು ಕೇಳುತ್ತದೆ. ಕನ್ನಡದಲ್ಲಿ ಕೂಗಿದರೆ ಎದುರಾಳಿಗೂ ತಿಳಿಯುತ್ತದಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ತಿಳಿಯಲಿ. ಸ್ಟಾಕ್ಟನ್ ಏನು ಮಾಡುತ್ತಾನೆಂದು ಎಲ್ಲರಿಗೂ ತಿಳಿದಿತ್ತು ಎಂದು ಆಗಲೇ ಹೇಳಿದೆ.

ಮಾತು ಮುಗಿದ ಮೇಲೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: "ಸರ್, ನಮ್ಮಲ್ಲಿ ರಿಂಗ್ ಇರುವುದು ಒಂದು, ಮಕ್ಕಳು ಮೂವತ್ತು, ಪೀರಿಯಡ್ ನಲವತ್ತು ನಿಮಿಷ. ಇದರಲ್ಲಿ ಯಾವುದನ್ನು ಕಲಿಸಲಿ?"

ರಿಂಗ್ ಬೇಡ ಎಂದೆ. ಐದು ಗುಂಪು ಮಾಡಿ, ಗುಂಪಿಗೆ ಆರು ಮಕ್ಕಳು. ಅಂಗಳದಲ್ಲಿ ಐದು ಕಡೆ ಸೀಮೆಸುಣ್ಣದಿಂದ ಒಂದೊಂದು ವೃತ್ತ ಬರೆಯಿರಿ, ಅದೇ ಬುಟ್ಟಿ. ಮೂವರ ವಿರುದ್ಧ ಮೂವರು, ಡ್ರಿಬಲ್ ನಿಷೇಧ, ವೃತ್ತದೊಳಗೆ ಓಡಿಬಂದು ಚೆಂಡು ಹಿಡಿದರೆ ಒಂದು ಅಂಕ. ಡ್ರಿಬಲ್ ಇಲ್ಲದಿದ್ದರೆ ಕಟ್ ಮಾಡದೆ ಬೇರೆ ದಾರಿಯೇ ಇಲ್ಲ. ಎರಡನೆಯ ವಾರ "ಹಿತ್ತಲು" ಹೇಳಿಕೊಡಿ, ನಾಲ್ಕನೆಯ ವಾರ ಒಂದು ಸ್ಕ್ರೀನ್ ಸೇರಿಸಿ. ಅವರು "ಚೆಂಡು ಎರಡೇ ಇದೆ ಸರ್" ಎಂದರು. ಉಳಿದ ಮೂರು ಗುಂಪಿಗೆ ವಾಲಿಬಾಲ್, ಫುಟ್‌ಬಾಲ್, ಯಾವುದು ಸಿಗುತ್ತದೋ ಅದು, ಪುಟಿಸುವುದು ಹೇಗೂ ಇಲ್ಲವಲ್ಲ ಎಂದೆ. ಮಳೆ ಬಂದರೆ ವೃತ್ತ ಅಳಿಸುತ್ತದೆ. ಮರುದಿನ ಮಕ್ಕಳ ಕೈಗೇ ಸೀಮೆಸುಣ್ಣ ಕೊಡಿ.